ವಚನಪಿತಾಮಹ ಹಳಕಟ್ಟಿಯವರ ಮುದ್ರಣಕಾಯಕ

ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನ್ಮವೆತ್ತಿದರು. ಮುಂಬಯಿಯಲ್ಲಿ ಉಚ್ಚಶಿಕ್ಷಣವನ್ನು ಪೂರೈಸಿ, ವಿಜಾಪುರದಲ್ಲಿ ವಕೀಲಿವೃತ್ತಿಯನ್ನು ಕೈಕೊಂಡು, ತಾಡವೋಲೆಗಳಲ್ಲಿ ಹುದುಗಿದ್ದ ಶಿವಶರಣರ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿದರು.

ಸಂಗ್ರಹಿಸಿದುದನ್ನು ಅಚ್ಚು ಹಾಕಿಸುವುದು ಸುಲಭವೆಂದು ಯಾರಿಗಾದರೂ ತೋರೀತು. ನಡೆದುದು ಬೇರೆ. ಮೊದಲು ಕಳುಹಿದ ಮುದ್ರಣಾಲಯದಿಂದ ಹಸ್ತಪ್ರತಿಯು ಅಚ್ಚಾಗದೆಯೆ ಹಿಂದಿರುಗಿತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಕು ಕಂಡಿತು. ಪರರ ಅಚ್ಚುಕೂಟವನ್ನು ನೆಚ್ಚಿದರೆ ಕಾರ್ಯವು ಸಾಗದೆಂದರಿತು, ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು.

ಮುದ್ರಣವು ಹಣದಿಂದಲೇ ಕೈವಶವಾಗುವ ವಿದ್ಯೆಯಲ್ಲ. ಸೀಸದ ಮೊಳೆಗಳಲ್ಲಿ ಅಕ್ಷರವು ತಿರುಗುಮುರುಗಾಗಿರುವುದು. ಕನ್ನಡದ ಕಾಗುಣಿತಕ್ಕೂ ಒತ್ತಕ್ಷರಗಳಿಗೂ ಮೊಳೆಗಳು ಅನೇಕ. ಒಂದು ಮೊಳೆ ತಪ್ಪಿದರೆ ಶರಣರ ಮಾತಿನ ಅರ್ಥವೇ ಕೆಡುವುದು. ಕರಡನ್ನು ಮತ್ತೆ ಮತ್ತೆ ತಿದ್ದಬೇಕು. ಅಚ್ಚಾದ ಬಳಿಕ ಮೊಳೆಗಳನ್ನೆಲ್ಲ ಬಿಚ್ಚಿ ಅವುಗಳ ಮನೆಗಳಿಗೆ ಸೇರಿಸಬೇಕು. ನ್ಯಾಯಾಲಯದ ವಾಗ್ವೈಭವಕ್ಕೆ ಇಲ್ಲಿ ಬೆಲೆಯಿಲ್ಲ, ತಾಳ್ಮೆಯೊಂದೇ ಬಂಡವಾಳ. ವಕೀಲರು ನಡುವಯಸ್ಸಿನಲ್ಲಿ ಈ ಹೊಸ ವೃತ್ತಿಗೆ ಶಿಷ್ಯರಾದರು.

1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರನ್ನು ಅರಸಿ ಬಂದಿತು. ಆದರೂ ಬಾಡಿಗೆಯ ಮನೆಯ ಬಡತನವು ತಪ್ಪಲಿಲ್ಲ, ಕಾಯಕವೂ ನಿಲ್ಲಲಿಲ್ಲ. ಇನ್ನೂರಕ್ಕೂ ಮಿಕ್ಕ ವಚನಕಾರರು ಅವರ ಶ್ರಮದಿಂದ ಲೋಕಕ್ಕೆ ಪರಿಚಿತರಾದರು.

1964ನೆಯ ಇಸವಿ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ತಮಗಾಗಿ ಒಂದು ಮನೆಯನ್ನು ಉಳಿಸಿಕೊಳ್ಳದ ಈ ಮಹನೀಯರು ಶರಣರ ನುಡಿಯನ್ನು ಮನೆಮನೆಗೆ ಮುಟ್ಟಿಸಿದರು.