ಒಂದರಲ್ಲಿ ಇಬ್ಬರನ್ನು ಕಂಡ ಸೈಮನ್ ಶ್ವೆಂಡೆನರ್

ಈ ಸಲದ ಸಂಚಿಕೆಗೆ ನಾವು ಆರಿಸಿಕೊಂಡಿದ್ದು ಒಬ್ಬ ಸಸ್ಯಶಾಸ್ತ್ರಜ್ಞರ ಬದುಕು. ಇಂಜಿನಿಯರಿಂಗ್ ಕಾಲೇಜಿನವರಿಗೆ ಬಾಟನಿ ಯಾಕಪ್ಪಾ ಅಂತ ಮೂಗು ಮುರಿಯಬೇಡಿ. ಇವರು ಹುಲ್ಲಿನ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡಿದಾಗ ಕಂಡಿದ್ದು ಐ-ಬೀಮ್. ಬಂಡೆಗೆ ಅಂಟಿಕೊಂಡ ಕಲ್ಲುಹೂವನ್ನು ಕೊಯ್ದು ನೋಡಿದಾಗ ಕಂಡಿದ್ದು, ಒಂದೇ ಹೆಸರಿನಡಿ ಬಾಳುತ್ತಿದ್ದ ಎರಡು ಬೇರೆ ಬೇರೆ ಜೀವಿಗಳು. ಈ ಎರಡನೇ ಮಾತು ಹೇಳಿದ್ದಕ್ಕೆ ಅವರು ಬಹಳ ವರ್ಷ ಗೇಲಿಗೆ ಗುರಿಯಾಗಬೇಕಾಯಿತು.

ಸೈಮನ್ ಶ್ವೆಂಡೆನರ್ ಹುಟ್ಟಿದ್ದು 1829ರ ಫೆಬ್ರವರಿ 10ರಂದು, ಸ್ವಿಟ್ಜರ್ಲೆಂಡಿನ ಬುಖ್ಸ್ ಎಂಬ ಊರಿನಲ್ಲಿ. ರೈತರ ಮಗ. ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಆಮೇಲೆ ಓದು ಮುಂದುವರಿಸಿ 1856ರಲ್ಲಿ ಜ್ಯೂರಿಕ್‌ನಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಂದ ಮ್ಯೂನಿಕ್‌ಗೆ ಹೋಗಿ, ಆ ಕಾಲದ ದೊಡ್ಡ ಸಸ್ಯಶಾಸ್ತ್ರಜ್ಞ ಕಾರ್ಲ್ ನೇಗೆಲಿ ಅವರ ಜೊತೆ ಕೆಲಸ ಮಾಡಿದರು. ಮೈಕ್ರೋಸ್ಕೋಪ್ ಬಗ್ಗೆ ಇಬ್ಬರೂ ಸೇರಿ ಒಂದು ಪುಸ್ತಕವನ್ನೇ ಬರೆದರು. ಲೆನ್ಸ್ ಹೇಗೆ ಕೆಲಸ ಮಾಡುತ್ತದೆ, ಅದು ಕಣ್ಣಿಗೆ ಎಲ್ಲಿ ಮೋಸ ಮಾಡುತ್ತದೆ ಎನ್ನುವುದು ಶ್ವೆಂಡೆನರ್ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಲೆನ್ಸ್ ಕೆಳಗೆ ಇಟ್ಟಿದ್ದು ಕಲ್ಲುಹೂವನ್ನು, ಅಂದರೆ ಲೈಕೆನ್. ನಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿ ಒಣಗಿದ ಕಪ್ಪು-ಬೂದು ಚೂರುಗಳಿರುತ್ತವಲ್ಲ, ಅದೇ ಬಳಗ. ಆಗಿನವರ ಪಾಲಿಗೆ ಅದು ಒಂದು ಸ್ವತಂತ್ರ ಸಸ್ಯ. ಸೀಳಿ ನೋಡಿದರೆ ಬಣ್ಣವಿಲ್ಲದ ತೆಳು ಎಳೆಗಳು ಕಾಣುತ್ತವೆ, ನಡುವೆ ಹಸಿರು ಗುಂಡುಗಳು. ಆ ಗುಂಡುಗಳು ಎಳೆಗಳಿಂದಲೇ ಹುಟ್ಟುತ್ತವೆ ಎಂದು ಎಲ್ಲರೂ ನಂಬಿದ್ದರು. ಶ್ವೆಂಡೆನರ್ ಕೂಡ ಮೊದಮೊದಲು ಹಾಗೇ ಬರೆದಿದ್ದರು.

ಆದರೆ ನೋಡುತ್ತಾ ಹೋದಂತೆ ಲೆಕ್ಕ ತಾಳೆಯಾಗಲಿಲ್ಲ. ಎಳೆಗಳು ಶಿಲೀಂಧ್ರದ ಎಳೆಗಳ ಹಾಗೇ ಇದ್ದವು. ಹಸಿರು ಗುಂಡುಗಳು ಕೊಳದಲ್ಲಿ, ಒದ್ದೆ ಗೋಡೆಯ ಮೇಲೆ ತಮ್ಮ ಪಾಡಿಗೆ ಬೆಳೆಯುವ ಪಾಚಿಗಳ ಹಾಗೇ ಇದ್ದವು. 1867ರ ಸೆಪ್ಟೆಂಬರ್‌ನಲ್ಲಿ ರೈನ್‌ಫೆಲ್ಡೆನ್ ಊರಿನಲ್ಲಿ ಸ್ವಿಸ್ ವಿಜ್ಞಾನಿಗಳ ಸಭೆ ಸೇರಿತ್ತು. ಅಲ್ಲಿ 38 ವರ್ಷದ ಶ್ವೆಂಡೆನರ್ ತಮ್ಮ ಹಳೆಯ ಅಭಿಪ್ರಾಯವನ್ನು ಬಿಟ್ಟುಕೊಟ್ಟು ಹೊಸದನ್ನು ಮುಂದಿಟ್ಟರು: ಕಲ್ಲುಹೂವು ಒಂದು ಸಸ್ಯವಲ್ಲ, ಶಿಲೀಂಧ್ರ ಮತ್ತು ಪಾಚಿಯ ಜೋಡಿ. 1869ರಲ್ಲಿ ಯಾವ ಕಲ್ಲುಹೂವಿನಲ್ಲಿ ಯಾವ ಬಗೆಯ ಪಾಚಿ ಇದೆ ಎಂದು ವಿಂಗಡಿಸಿ ಪುಸ್ತಕವನ್ನೂ ಹೊರತಂದರು.

ಅಲ್ಲಿಂದ ಶುರುವಾಯಿತು ಗಲಾಟೆ. ಜೀವನಪೂರ್ತಿ ಕಲ್ಲುಹೂಗಳಿಗೆ ಹೆಸರಿಟ್ಟು ಪಟ್ಟಿ ಮಾಡಿದವರಿಗೆ, ನೀವು ಹೆಸರಿಟ್ಟಿದ್ದು ಒಂದು ಜೀವಿಗಲ್ಲ, ಒಂದು ಸಂಸಾರಕ್ಕೆ ಅಂದರೆ ಹೇಗಾಗಬೇಡ? ಪ್ಯಾರಿಸ್‌ನಲ್ಲಿದ್ದ ಫಿನ್‌ಲ್ಯಾಂಡಿನ ವಿದ್ವಾಂಸ ವಿಲಿಯಂ ನಿಲಾಂಡರ್ ಕೊನೆಯವರೆಗೂ ಒಪ್ಪಲಿಲ್ಲ. ಬ್ರಿಟನ್ನಿನ ಜೇಮ್ಸ್ ಕ್ರಾಂಬಿ ಇದನ್ನು ಸೆರೆಸಿಕ್ಕ ಹುಡುಗಿ ಮತ್ತು ದರ್ಪದ ಯಜಮಾನನ ಕಟ್ಟುಕಥೆ ಎಂದು ಗೇಲಿ ಮಾಡಿದರು. ಇದಕ್ಕೆ ಶ್ವೆಂಡೆನರ್ ಅವರೇ ಸ್ವಲ್ಪ ಅವಕಾಶ ಕೊಟ್ಟಿದ್ದರು ಅನ್ನಬೇಕು. ಶಿಲೀಂಧ್ರ ಒಡೆಯ, ಪಾಚಿ ಅದಕ್ಕೆ ದುಡಿಯುವ ಗುಲಾಮ ಎಂಬ ಹೋಲಿಕೆ ಅವರದೇ.

ಗೇಲಿಗೆ ಉತ್ತರ ಪ್ರಯೋಗಗಳಿಂದ ಬಂತು. ರಷ್ಯಾದ ಫಾಮಿಂತ್ಸಿನ್ ಮತ್ತು ಬರಾನೆಟ್ಸ್ಕಿ ಹಸಿರು ಗುಂಡುಗಳನ್ನು ಕಲ್ಲುಹೂವಿನಿಂದ ಬಿಡಿಸಿ ಹೊರಗಡೆ ಬೆಳೆಸಿದ್ದರು. 1877ರಲ್ಲಿ ಎರ್ನ್ಸ್ಟ್ ಷ್ಟಾಲ್ ಶಿಲೀಂಧ್ರದ ಬೀಜಕಣ ಮತ್ತು ಪಾಚಿಯನ್ನು ಜೊತೆಗಿಟ್ಟು ಹೊಸ ಕಲ್ಲುಹೂವನ್ನೇ ಬೆಳೆಸಿದರು. ಬಿಚ್ಚಿದ್ದೂ ಆಯಿತು, ಮತ್ತೆ ಜೋಡಿಸಿದ್ದೂ ಆಯಿತು. ಮರುವರ್ಷ ಆಂಟನ್ ಡಿ ಬಾರಿ ಇಂಥ ಕೂಡುಬಾಳ್ವೆಗಳನ್ನು ಸಿಂಬಯಾಸಿಸ್ ಎಂಬ ಹೆಸರಿನಡಿ ತಂದರು. ಆ ಪದ ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು.

ಶ್ವೆಂಡೆನರ್ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ದರು. 1874ರಲ್ಲಿ ಬಂದ ಅವರ ಪುಸ್ತಕ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಖುಷಿ ಕೊಡುವಂಥದ್ದು. ಕಾಂಡ ಗಾಳಿಗೆ ಬಾಗುವಾಗ ಹೆಚ್ಚಿನ ಸ್ಟ್ರೆಸ್ ಬೀಳುವುದು ಹೊರ ಅಂಚಿಗೆ. ಗಟ್ಟಿ ನಾರು ಇರುವುದೂ ಅಲ್ಲೇ, ಬೀಮಿನ ಫ್ಲ್ಯಾಂಜ್ ಹಾಗೆ. ನಾರಿನ ಪಟ್ಟಿಗಳಿಗೆ ತೂಕ ಕಟ್ಟಿ ಎಳೆದು ನೋಡಿ, ಎಲಾಸ್ಟಿಕ್ ಲಿಮಿಟ್‌ವರೆಗೆ ಅವುಗಳ ಬಲವನ್ನು ಕಬ್ಬಿಣದ ಪಕ್ಕದಲ್ಲಿಟ್ಟು ಹೋಲಿಸಬಹುದು ಎಂದು ತೋರಿಸಿದರು. ಕಲ್ಲುಹೂವಿನಲ್ಲೂ ಕಾಂಡದಲ್ಲೂ ಅವರು ಕೇಳಿದ ಪ್ರಶ್ನೆ ಒಂದೇ: ಇದರೊಳಗೆ ಯಾವ ಭಾಗ ಯಾವ ಕೆಲಸ ಹೊತ್ತಿದೆ?

ಬಾಸೆಲ್, ಟ್ಯೂಬಿಂಗೆನ್ ಆದಮೇಲೆ 1878ರಲ್ಲಿ ಬರ್ಲಿನ್‌ಗೆ ಪ್ರೊಫೆಸರ್ ಆಗಿ ಹೋದರು. ಮೂವತ್ತು ವರ್ಷಕ್ಕೂ ಹೆಚ್ಚು ಅಲ್ಲೇ ಪಾಠ ಹೇಳಿ, 1919ರ ಮೇ 27ರಂದು 90ನೇ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಮಾತು ಪಠ್ಯಪುಸ್ತಕ ಸೇರಿದ್ದನ್ನು ಕಣ್ಣಾರೆ ನೋಡುವಷ್ಟು ಆಯಸ್ಸು ಸಿಕ್ಕಿತು.

ಅವರ ಪ್ರಶ್ನೆಗೆ ಅತಿ ಕಠಿಣ ಪರೀಕ್ಷೆ ನಡೆಯುವುದು ಧ್ರುವಪ್ರದೇಶಗಳಲ್ಲಿ. ಅಂಟಾರ್ಕ್ಟಿಕಾದ ಸ್ವಂತ ಹೂಬಿಡುವ ಸಸ್ಯಗಳು ಎರಡೇ. ಕಲ್ಲುಹೂಗಳು ಮಾತ್ರ ನೂರಾರು ಬಗೆ. ಹೇಗೆ ಸಾಧ್ಯ? ಕೆಲಸ ಹಂಚಿಕೊಂಡಿದ್ದರಿಂದ. ಶಿಲೀಂಧ್ರದ ಎಳೆಗಳು ಬಂಡೆಯನ್ನು ಹಿಡಿದು ಮನೆ ಕಟ್ಟುತ್ತವೆ. ಮೇಲ್ಪದರದ ಗಾಢ ಬಣ್ಣ ಬಿಸಿಲಿನ ಏಟನ್ನು ತಡೆಯುತ್ತದೆ. ಕೆಳಗೆ ಕೂತ ಪಾಚಿ ಬೆಳಕಿನಿಂದ ಆಹಾರ ಮಾಡಿ ಶಿಲೀಂಧ್ರಕ್ಕೂ ಕೊಡುತ್ತದೆ. ನೀರಿಲ್ಲದಿದ್ದರೆ ಜೋಡಿ ಪೂರ್ತಿ ಒಣಗಿ ಸುಮ್ಮನಾಗುತ್ತದೆ. ಹಸಿರು ಪಾಚಿ ಇರುವ ಕಲ್ಲುಹೂಗಳಿಗೆ ಮತ್ತೆ ಏಳಲು ದ್ರವರೂಪದ ನೀರೇ ಬೇಕಂತಿಲ್ಲ, ಹಿಮದಿಂದ ಬರುವ ಆವಿಯೂ ಸಾಕು. ಅಂಬಿಲಿಕೇರಿಯಾ ಎಂಬ ಜಾತಿ ಮೈನಸ್ 17 ಡಿಗ್ರಿ ಸೆಲ್ಸಿಯಸ್‌ನಲ್ಲೂ ಫೋಟೋಸಿಂಥೆಸಿಸ್ ಮಾಡಿದ್ದನ್ನು ಅಂಟಾರ್ಕ್ಟಿಕಾದಲ್ಲೇ ಅಳೆದಿದ್ದಾರೆ. ಮೆಕ್‌ಮರ್ಡೊ ಒಣ ಕಣಿವೆಗಳಲ್ಲಂತೂ ಇವು ಮರಳುಗಲ್ಲಿನ ಒಳಗೇ ಹೋಗಿ ಕೂತಿವೆ. ಕಲ್ಲು ಒಡೆದರೆ ಕಪ್ಪು, ಬಿಳಿ, ಹಸಿರು ಪದರಗಳು ಕಾಣುತ್ತವೆ.

ಹಾಗಾದರೆ ಒಡೆಯ ಯಾರು, ಗುಲಾಮ ಯಾರು? ಆ ಬೋಳು ಬಂಡೆಯ ಮೇಲೆ ಪಾಚಿಯಿಲ್ಲದೆ ಈ ಶಿಲೀಂಧ್ರಕ್ಕೆ ಊಟವಿಲ್ಲ. ಶಿಲೀಂಧ್ರವಿಲ್ಲದೆ ಪಾಚಿಗೆ ಸೂರಿಲ್ಲ. ಲಾಭದಲ್ಲಿ ಯಾರ ಪಾಲು ಹೆಚ್ಚು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2016ರಲ್ಲಿ ಕೆಲವು ಕಲ್ಲುಹೂಗಳ ಮೇಲ್ಪದರದಲ್ಲಿ ಯೀಸ್ಟ್ ರೂಪದ ಇನ್ನೊಂದು ಶಿಲೀಂಧ್ರವೂ ಸಿಕ್ಕಿತು. ಶ್ವೆಂಡೆನರ್ ಅವರ ಹೋಲಿಕೆ ಸಡಿಲವಾಗಿದೆ, ಆದರೆ ಅವರ ಎಣಿಕೆಯ ದಾರಿ ಗಟ್ಟಿಯಾಗಿ ನಿಂತಿದೆ. ಒಂದು ಅಂತ ಎಲ್ಲರೂ ಹೇಳಿದ್ದನ್ನು ಅವರು ಬಿಚ್ಚಿ ಎಣಿಸಿದರು. ತಾವೇ ಬರೆದಿದ್ದಕ್ಕೆ ವಿರುದ್ಧವಾಗಿ ಉತ್ತರ ಬಂದಾಗಲೂ ಅದನ್ನು ಬಚ್ಚಿಡಲಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಬರಬೇಕಾದ ರೀಡಿಂಗ್ ಮೊದಲೇ ಬರೆದುಕೊಂಡು ಕೂರುವ ನಮಗೆಲ್ಲ ಇಷ್ಟು ಸಾಕಲ್ಲವೇ?