ಮಂಜೇಶ್ವರದಲ್ಲೇ ಉಳಿದ ಕವಿ: ಗೋವಿಂದ ಪೈಯವರ ಬಾಳು

ನಮ್ಮ ಕರಾವಳಿಯಲ್ಲಿ ಹೆಸರಿನ ಮುಂದೆ ಊರನ್ನು ಸೇರಿಸಿಕೊಳ್ಳುವುದು ಹಳೆಯ ವಾಡಿಕೆ. ಹಾಗೆ ಊರನ್ನು ಹೆಸರಿಗೆ ಅಂಟಿಸಿಕೊಂಡು ಮದರಾಸಿಗೋ ಮುಂಬಯಿಗೋ ಹೋಗಿ ನೆಲೆಸಿದವರು ಅಸಂಖ್ಯರು. ಊರು ಅವರ ಹೆಸರಿನಲ್ಲಿ ಉಳಿಯಿತು, ಬಾಳಿನಿಂದ ಕಳಚಿತು. ಮಂಜೇಶ್ವರ ಗೋವಿಂದ ಪೈಯವರ ವಿಷಯದಲ್ಲಿ ಹಾಗಾಗಲಿಲ್ಲ. ಎಂಬತ್ತು ವರ್ಷಗಳ ಆಯುಷ್ಯದಲ್ಲಿ ಅವರ ಬರವಣಿಗೆಯ ಕಾಲವೆಲ್ಲ ಬಹುಮಟ್ಟಿಗೆ ಆ ಒಂದು ಊರಿನಲ್ಲಿಯೇ ಕಳೆಯಿತು. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಪ್ರಖ್ಯಾತರಾದ ವಿದ್ವಾಂಸರೊಬ್ಬರು ವಿಶ್ವವಿದ್ಯಾನಿಲಯವಿಲ್ಲದ, ದೊಡ್ಡ ಗ್ರಂಥಾಲಯವಿಲ್ಲದ ಊರಿನಲ್ಲಿ ಏಕೆ ಉಳಿದರು, ಹೇಗೆ ಉಳಿದರು ಎಂಬುದನ್ನು ಗಡಿನಾಡಿನ ನಾವು ಒಮ್ಮೆ ನಿಧಾನವಾಗಿ ನೋಡಬೇಕಾಗಿದೆ. ಓದಿದ ಮಕ್ಕಳೆಲ್ಲ ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳೆಂದು ಹೊರಟುಹೋಗುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ ಪೈಯವರ ಜನನ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು. ಪೇಟೆಯಲ್ಲಿ ಬ್ಯಾರಿ ಮತ್ತು ಮಲಯಾಳ, ಶಾಲೆಯಲ್ಲಿ ಮತ್ತು ಬರಹದಲ್ಲಿ ಕನ್ನಡ. ಪೈಯವರ ಬಹುಭಾಷಾ ಪಾಂಡಿತ್ಯವನ್ನು ಕುರಿತು ಬೆರಗಿನಿಂದ ಮಾತಾಡುವವರು ಈ ನೆಲದ ಸಹಜ ಸ್ಥಿತಿಯನ್ನು ಮರೆಯುತ್ತಾರೆ. ಮಂಜೇಶ್ವರದ ಮಗುವಿಗೆ ನಾಲ್ಕು ಭಾಷೆಗಳು ಪುಸ್ತಕ ಮುಟ್ಟುವ ಮುನ್ನವೇ ಕಿವಿಗೆ ಬಿದ್ದಿರುತ್ತವೆ. ಗ್ರೀಕ್, ಲ್ಯಾಟಿನ್, ಪಾಳಿ, ಬಂಗಾಳಿ, ಪಾರಸಿ ಮುಂತಾದುವು ಅನಂತರದ ದುಡಿಮೆಯ ಫಲ. ಆ ದುಡಿಮೆಗೆ ಬೇಕಾದ ಧೈರ್ಯ ಮಾತ್ರ ಹುಟ್ಟೂರಿನ ಬಳುವಳಿಯೆಂದೇ ನಾವು ಭಾವಿಸುತ್ತೇವೆ.

ಶಾಲೆಯ ಓದು ಮಂಗಳೂರಿನಲ್ಲಿ ನಡೆಯಿತು. ಅಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿದ್ದರು. ಆ ಕಾಲದ ಮಂಗಳೂರು ಸಣ್ಣದಾದರೂ ಅಕ್ಷರದ ಪಟ್ಟಣ. ಬಾಸೆಲ್ ಮಿಶನ್ ಮುದ್ರಣಾಲಯ 1841ರಿಂದಲೇ ಅಲ್ಲಿ ಕೆಲಸ ನಡೆಸಿತ್ತು. ಪೈಯವರು ಹುಡುಗನಾಗಿದ್ದಾಗಲೇ, 1894ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು ಆ ಪಟ್ಟಣದಿಂದ ಹೊರಬಿತ್ತು. ಮುಂದೆ ಉನ್ನತ ವಿದ್ಯಾಭ್ಯಾಸಕ್ಕಾಗಿ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ರಾಜಧಾನಿಯೆಂದರೆ ಮದರಾಸೇ. ಕಾಲೇಜು ಆ ದಿನಗಳಲ್ಲಿ ಜಾರ್ಜ್‌ಟೌನಿನಲ್ಲಿ, ಹೈಕೋರ್ಟಿನ ಎದುರಿನಲ್ಲೇ ಇತ್ತು. 1896ರಲ್ಲಿ ತೆರೆದ ಕನ್ನೆಮಾರ ಗ್ರಂಥಾಲಯ ಎಗ್ಮೋರಿನಲ್ಲಿತ್ತು. ಹಸ್ತಪ್ರತಿ, ಶಾಸನ, ನಾಣ್ಯಗಳ ಸಂಗ್ರಹವೂ ವಿದ್ವಾಂಸರ ಸಹವಾಸವೂ ಆ ನಗರದಲ್ಲಿ ದೊರೆಯುತ್ತಿದ್ದವು. ಪುಸ್ತಕಪ್ರಿಯನಾದ ಯುವಕನನ್ನು ಹಿಡಿದಿಟ್ಟುಕೊಳ್ಳಲು ಬೇಕಾದುದೆಲ್ಲ ಅಲ್ಲಿತ್ತು.

ಬಿ.ಎ. ಪದವಿಯ ಕೊನೆಯ ಹಂತದಲ್ಲಿದ್ದಾಗ ತಂದೆ ತೀರಿಕೊಂಡರು. ಗೋವಿಂದ ಪೈ ಹಿರಿಯ ಮಗ. ಮನೆತನದ ವ್ಯವಹಾರದ ಭಾರ ಅವರ ಹೆಗಲಿಗೆ ಬಂತು. ಪದವಿ ಪೂರ್ಣವಾಗಲಿಲ್ಲ. ಆದರೂ ಇಂಗ್ಲಿಷ್ ಭಾಗದಲ್ಲಿ ಅವರಿಗೆ ಚಿನ್ನದ ಪದಕ ಬಂದಿತೆಂಬುದು ಪ್ರಸಿದ್ಧ ಸಂಗತಿ. ಇಂಗ್ಲಿಷಿನಲ್ಲಿ ಚಿನ್ನದ ಪದಕ ಪಡೆದವನಿಗೆ ಆ ಕಾಲದಲ್ಲಿ ಸರಕಾರಿ ಹುದ್ದೆಯ ಬಾಗಿಲು ಮುಚ್ಚಿರುತ್ತಿರಲಿಲ್ಲ, ಪದವಿಯನ್ನು ಮತ್ತೆ ಹೋಗಿ ಮುಗಿಸುವುದೂ ಅಸಾಧ್ಯವಾಗಿರಲಿಲ್ಲ. ಪೈಯವರು ಆ ದಾರಿಗೆ ಮರಳಲಿಲ್ಲ. ಮಂಗಳೂರಿನ ಸಾಹುಕಾರರ ಮಗ ಮಂಗಳೂರನ್ನೂ ಬಿಟ್ಟು ತಾಯಿಯ ಊರಿನಲ್ಲಿ ನೆಲೆನಿಂತರು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹೀಗೆ ನೆಲೆನಿಲ್ಲಲು ಅವರಿಗೆ ಅನುಕೂಲವಿತ್ತು. ಪಿತ್ರಾರ್ಜಿತ ಆಸ್ತಿಯಿದ್ದುದರಿಂದ ಹೊಟ್ಟೆಪಾಡಿಗಾಗಿ ನಗರದ ಕಚೇರಿಯ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಬೇಕೆನಿಸಿದ ಪುಸ್ತಕವನ್ನು ದೂರದಿಂದ ತರಿಸಿಕೊಳ್ಳುವ ಶಕ್ತಿಯಿತ್ತು. ಅದೇ ಮಂಜೇಶ್ವರದ ಗೇಣಿದಾರನ ಮಗನಿಗೋ ಮೀನುಗಾರನ ಮಗನಿಗೋ ಊರಿನಲ್ಲಿ ಉಳಿಯುವುದೆಂದರೆ ಬೇರೆಯೇ ಅರ್ಥ. ಅವರಲ್ಲಿ ಅನೇಕರು ಮುಂಬಯಿಯ ಹೋಟೆಲುಗಳಿಗೆ ಹೋದದ್ದು ನಗರದ ಮೋಹದಿಂದಲ್ಲ, ಅನ್ನಕ್ಕಾಗಿ. ಹಳ್ಳಿಯ ಬಾಳನ್ನು ಕೊಂಡಾಡುವವರು ಈ ವ್ಯತ್ಯಾಸವನ್ನು ನೆನಪಿಡಬೇಕು. ಹಾಗೆಂದು ಪೈಯವರ ಆಯ್ಕೆಯ ತೂಕ ಕಡಿಮೆಯಾಗುವುದಿಲ್ಲ. ಸಿರಿವಂತರ ಮಕ್ಕಳಲ್ಲಿ ನಗರ ಸೇರಿದವರ ಸಂಖ್ಯೆಯೇ ಹೆಚ್ಚು.

1907ರಲ್ಲಿ ರೈಲುಮಾರ್ಗ ಮಂಗಳೂರು ಮುಟ್ಟಿತು. ಮಂಜೇಶ್ವರ ಆ ದಾರಿಯ ಒಂದು ನಿಲ್ದಾಣವಾಯಿತು. ಊರು ದೂರದ ಲೋಕಕ್ಕೆ ತೆರೆದುಕೊಂಡದ್ದು ಹೀಗೆ. ಅಂಚೆ ಮತ್ತು ರೈಲು ಇವೆರಡು ಇಲ್ಲದಿದ್ದರೆ ಪೈಯವರ ಮನೆಯಲ್ಲಿ ಆ ಬಗೆಯ ಗ್ರಂಥಭಂಡಾರ ಬೆಳೆಯುವುದು ಕಷ್ಟವಿತ್ತು. ನಗರವನ್ನು ಅವರು ತೊರೆದರೆನ್ನುವುದಕ್ಕಿಂತ, ತಮಗೆ ಬೇಕಾದಷ್ಟು ನಗರವನ್ನು ಊರಿಗೇ ತರಿಸಿಕೊಂಡರೆನ್ನುವುದು ಹೆಚ್ಚು ಸರಿಯಾದೀತು.

1911ರಲ್ಲಿ ಅವರು ಕನ್ನಡ ಕಾವ್ಯದ ಒಂದು ದೊಡ್ಡ ಕಟ್ಟಳೆಯನ್ನು ಮುರಿದರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ದ್ವಿತೀಯಾಕ್ಷರ ಪ್ರಾಸದ ನಿಯಮ ಸಾವಿರ ವರ್ಷಗಳಿಂದ ನಡೆದು ಬಂದಿತ್ತು. ಪೈಯವರು ಅದನ್ನು ಬಿಟ್ಟು ಬರೆಯತೊಡಗಿದರು. ಪಂಡಿತರು ಆಕ್ಷೇಪಿಸಿದರು, ಪರವಿರೋಧದ ಚರ್ಚೆ ಬೆಳೆಯಿತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕರೂಪ ತಳೆದು ನವೋದಯದ ಹೆದ್ದಾರಿ ತೆರೆಯುವುದಕ್ಕೆ ಒಂದು ದಶಕಕ್ಕೂ ಮುನ್ನ ನಡೆದ ಸಂಗತಿಯಿದು. ಮೈಸೂರಿನ ಅರಮನೆ, ಅಲ್ಲಿನ ಕಾಲೇಜು, ಪಂಡಿತ ಮಂಡಲಿ ಎಲ್ಲದರಿಂದಲೂ ದೂರವಿದ್ದ ಕವಿಗೆ ಆ ಸ್ವಾತಂತ್ರ್ಯ ತುಸು ಸುಲಭವಾಗಿ ಒದಗಿತೆಂದರೆ ತಪ್ಪಾಗಲಾರದು. ಕೇಂದ್ರದಿಂದ ದೂರವಿರುವವನಿಗೆ ಕೇಂದ್ರದ ಅಪ್ಪಣೆ ಬೇಕಾಗುವುದಿಲ್ಲ. ಆದರೆ ದೂರವಿರುವವನ ಕೆಲಸಕ್ಕೆ ಮನ್ನಣೆಯೂ ತಡವಾಗಿಯೇ ಬರುತ್ತದೆ. ಅವರ ಪ್ರಮುಖ ಕವನ ಸಂಕಲನ ‘ಗಿಳಿವಿಂಡು’ ಪ್ರಕಟವಾದದ್ದು 1930ರಲ್ಲಿ, ಕವಿಗೆ ನಲ್ವತ್ತೇಳರ ವಯಸ್ಸಿನಲ್ಲಿ.

ಪೈಯವರ ಕಾವ್ಯದ ವಸ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಮಂಜೇಶ್ವರವೇ ಕಾಣುತ್ತದೆ. ಯೇಸುವಿನ ಕಡೆಯ ದಿನವನ್ನು ಕುರಿತ ‘ಗೊಲ್ಗೊಥಾ’, ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’, ಏಕಲವ್ಯನ ಕಥೆಯ ‘ಹೆಬ್ಬೆರಳು’, ಗೊಮ್ಮಟನನ್ನು ಕುರಿತ ಬರಹಗಳು. ಅನಂತೇಶ್ವರನ ದೇವಸ್ಥಾನದ ಊರಿನ ಗೌಡ ಸಾರಸ್ವತ ಕವಿಯೊಬ್ಬರು ಇಷ್ಟು ಬೇರೆ ಬೇರೆ ಆರಾಧನೆಗಳನ್ನು ಒಳಗಿನವರಂತೆ ಬರೆದದ್ದು ವಿಸ್ಮಯವೆಂದು ಹೊರಗಿನ ವಿಮರ್ಶಕರು ಹೇಳುವುದುಂಟು. ಮಂಜೇಶ್ವರ ಪೇಟೆಯಲ್ಲಿ ನಡೆದಾಡಿದವರಿಗೆ ಅಷ್ಟೊಂದು ವಿಸ್ಮಯವಾಗದು. ದೇವಸ್ಥಾನ, ಜೈನ ಬಸದಿ, ಇಗರ್ಜಿ, ಉದ್ಯಾವರದ ಮಸೀದಿ ಎಲ್ಲವೂ ಒಂದೇ ಊರಿನ ಆಸುಪಾಸಿನಲ್ಲಿವೆ. ಭೂತದ ಕೋಲವೂ ಮಸೀದಿಯ ಬಾಂಗೂ ಒಂದೇ ಗಾಳಿಯಲ್ಲಿ ಕೇಳಿಸುವ ನಾಡಿದು. ನಗರದಲ್ಲಿ ಜಾತಿಮತಗಳು ಬೇರೆ ಬೇರೆ ಬಡಾವಣೆಗಳಲ್ಲಿ ನೆಲೆಸಿ ಪರಸ್ಪರ ಅಪರಿಚಿತವಾಗಿರಬಲ್ಲವು. ಸಣ್ಣ ಊರಿನಲ್ಲಿ ಆ ಅಪರಿಚಯ ಸಾಧ್ಯವಿಲ್ಲ. ಜಗಳವಾದರೂ ಗುರುತಿನವರೊಡನೆಯೇ ಆಗಬೇಕು.

ಕಾವ್ಯಕ್ಕಿಂತಲೂ ಹೆಚ್ಚು ವರ್ಷಗಳನ್ನು ಅವರು ಸಂಶೋಧನೆಗೆ ಕೊಟ್ಟರೆಂದು ಹೇಳಬಹುದು. ತುಳುನಾಡಿನ ಇತಿಹಾಸ, ಬಸವಣ್ಣನವರ ಕಾಲ, ಪ್ರಾಚೀನ ಕನ್ನಡ ಕವಿಗಳ ಕಾಲನಿರ್ಣಯ, ಗ್ರೀಕರ ಬರಹಗಳಲ್ಲಿ ಬರುವ ನಮ್ಮ ಕರಾವಳಿಯ ಊರುಗಳ ಹೆಸರು ಇವೆಲ್ಲ ಅವರ ಆಸಕ್ತಿಯ ಕ್ಷೇತ್ರಗಳು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಯಲ್ಲಿಯೂ ಅವರು ಭಾಗವಹಿಸಿದರು. ತಿಥಿ, ವಾರ, ನಕ್ಷತ್ರಗಳನ್ನು ಲೆಕ್ಕಹಾಕಿ ಒಬ್ಬ ಕವಿಯ ಕಾಲವನ್ನು ಒಂದು ದಿನಕ್ಕೆ ತಂದು ನಿಲ್ಲಿಸುವ ಹಟ ಅವರದು. ಅವರ ಎಲ್ಲ ನಿರ್ಣಯಗಳೂ ಇಂದು ನಿಂತಿಲ್ಲ. ಆದರೆ ಯಾವ ಸಂಸ್ಥೆಯ ವೇತನವಾಗಲಿ ಹುದ್ದೆಯಾಗಲಿ ಇಲ್ಲದೆ ಅಂಥ ಕೆಲಸವನ್ನು ಒಬ್ಬರೇ ಕೈಗೊಂಡುದನ್ನು ನೆನೆದರೆ ನಮಗೆ ಗೌರವ ಮೂಡುತ್ತದೆ. ಇದರಿಂದಾದ ನಷ್ಟವೂ ಉಂಟು. ಶಿಷ್ಯರ ಪರಂಪರೆಯನ್ನು ಬೆಳೆಸುವ ಪೀಠ ಅವರಿಗಿರಲಿಲ್ಲ. ಲೇಖನಗಳು ಪತ್ರಿಕೆಗಳಲ್ಲಿ, ವಿಶೇಷಾಂಕಗಳಲ್ಲಿ ಚದುರಿಹೋದವು; ಅವನ್ನು ಒಂದೆಡೆ ಸೇರಿಸುವ ಕೆಲಸ ಅವರ ಮರಣದ ಬಹುಕಾಲಾನಂತರ ನಡೆಯಿತು.

ಪತ್ನಿ ಕೃಷ್ಣಾಬಾಯಿ ಅವರಿಗಿಂತ ಬಹು ಮುಂಚೆ ತೀರಿಕೊಂಡರು. ಆಮೇಲಿನ ಬಾಳು ಹೆಚ್ಚಾಗಿ ಪುಸ್ತಕಗಳ ನಡುವಿನದು.

1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತು ಗೌರವಿಸಿತು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದರ ಹಿಂದಿನ ವರ್ಷದ ಸಮ್ಮೇಳನ ಸೊಲ್ಲಾಪುರದಲ್ಲಿ ನಡೆದಿತ್ತೆಂಬುದನ್ನು ಈ ಪುಟದ ಓದುಗರು ಗಮನಿಸಬಹುದು. ಕರ್ನಾಟಕವೆಂಬ ರಾಜ್ಯವಿನ್ನೂ ರೂಪುಗೊಳ್ಳದ ಆ ಕಾಲದಲ್ಲಿ ಕನ್ನಡದ ಹಬ್ಬಕ್ಕೆ ಗಡಿಯ ಹಂಗಿರಲಿಲ್ಲ. ಊರು ಬಿಡದ ಕವಿ, ಊರು ಬಿಟ್ಟುಬಂದ ಸಾವಿರಾರು ಕರಾವಳಿಗರ ಮಹಾನಗರದಲ್ಲಿ ಅಧ್ಯಕ್ಷ ಪೀಠವನ್ನೇರಿದರು. ಸಮ್ಮೇಳನ ಮುಗಿದ ಮೇಲೆ ಮಂಜೇಶ್ವರಕ್ಕೆ ಮರಳಿದರು.

ಅವರು ಊರು ಬಿಡಲಿಲ್ಲ. ಊರನ್ನೇ ಬೇರೆಡೆಗೆ ಸೇರಿಸಲಾಯಿತು. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಮಂಜೇಶ್ವರ ಕೇರಳದ ಊರಾಯಿತು. ಇಪ್ಪತ್ತು ಕಿಲೋಮೀಟರಿನಷ್ಟು ಆಚೆಗಿದ್ದ ಮಂಗಳೂರು, ಅವರು ಓದಿದ, ಅವರ ಪತ್ರಿಕೆಗಳೂ ಪ್ರಕಾಶಕರೂ ಇದ್ದ ಪಟ್ಟಣ, ಅನ್ಯರಾಜ್ಯಕ್ಕೆ ಸೇರಿತು. ಎಪ್ಪತ್ತಮೂರರ ವಯಸ್ಸಿನ ರಾಷ್ಟ್ರಕವಿ ತನ್ನ ಮನೆಯ ಜಗಲಿಯಿಂದ ಕದಲದೆಯೇ ಭಾಷಾ ಅಲ್ಪಸಂಖ್ಯಾತನಾದರು. ಆಗ ಅವರು ಮಂಗಳೂರಿಗೆ ವಾಸ ಬದಲಿಸಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಪೈಯವರು ಹೋಗಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕನ್ನಡನಾಡಿಗೆ ಸೇರಬೇಕೆಂಬ ಕೂಗು ಆ ವರ್ಷಗಳಲ್ಲಿ ಎದ್ದಿತ್ತು. ಬದಿಯಡ್ಕದ ಬಳಿಯ ಪೆರಡಾಲದಲ್ಲಿ ಅಧ್ಯಾಪಕರಾಗಿ, ಕೃಷಿಕರಾಗಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಅದರ ಮುಂಚೂಣಿಯಲ್ಲಿದ್ದರು. ಮಹಾಜನ ಆಯೋಗ 1967ರಲ್ಲಿ ಆ ಬೇಡಿಕೆಯನ್ನು ಎತ್ತಿಹಿಡಿಯಿತು. ಶಿಫಾರಸು ಜಾರಿಗೆ ಬರಲಿಲ್ಲ. ಅದನ್ನು ನೋಡಲು ಪೈಯವರು ಇರಲಿಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ಕಾಲವಶರಾಗಿದ್ದರು.

ಆ ಗೆರೆ ಬಹುಕಾಲ ಕಾಗದದ ಮೇಲಿನದಾಗಿಯೇ ಇತ್ತು. ಮಂಜೇಶ್ವರದವರು ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ಮಂಗಳೂರಿಗೇ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. 2020ರಲ್ಲಿ ಕೊರೊನಾ ಕಾರಣದಿಂದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗಲಷ್ಟೇ, ನಮ್ಮ ಊರಿನ ಬಾಳು ಪಕ್ಕದ ನಗರವನ್ನು ಎಷ್ಟು ನೆಚ್ಚಿಕೊಂಡಿದೆಯೆಂಬುದು ರೋಗಿಗಳಿದ್ದ ಮನೆಗಳಿಗೆ ಮನವರಿಕೆಯಾಯಿತು.

ಪೈಯವರು ಬಾಳಿದ ಮನೆ ಬಹಳ ಕಾಲದ ಬಳಿಕ ಜೀರ್ಣೋದ್ಧಾರಗೊಂಡು, ಕೇರಳ ಮತ್ತು ಕರ್ನಾಟಕ ಸರಕಾರಗಳ ನೆರವಿನಿಂದ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ. ಮಂಜೇಶ್ವರದ ಸರಕಾರಿ ಕಾಲೇಜು 1980ರಿಂದ ಅವರ ಹೆಸರನ್ನು ಹೊತ್ತಿದೆ. ಆದರೆ ಅವರ ಪುಸ್ತಕಗಳು ಮಂಜೇಶ್ವರದಲ್ಲಿ ಉಳಿಯಲಿಲ್ಲ. ಆ ಅಪೂರ್ವ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿತು, ಅದರ ಆಶ್ರಯದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು, ತುಳು ನಿಘಂಟಿನ ಆರು ಸಂಪುಟಗಳು ಅಲ್ಲಿಂದಲೇ ಹೊರಬಂದವು. ಅಲ್ಲಿ ಅವು ಸುರಕ್ಷಿತವಾಗಿವೆ, ಓದುವವರ ಕೈಗೆ ಸಿಗುತ್ತಿವೆ. ಆಗಿನ ಮಂಜೇಶ್ವರದಲ್ಲಿ ಅವನ್ನು ಕಾಪಾಡುವ ವ್ಯವಸ್ಥೆಯಿತ್ತೆಂದು ನಾವು ಹೇಳಲಾರೆವು. ಇಂದು ಗೋವಿಂದ ಪೈ ಕಾಲೇಜಿನಲ್ಲಿ ಓದುವ ಹುಡುಗಿ ಪೈಯವರು ಓದಿದ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಬೆಳಗ್ಗೆ ಬಸ್ಸು ಹತ್ತಿ, ತಲಪಾಡಿ ದಾಟಿ, ಮಂಗಳೂರಿನಲ್ಲಿ ಇನ್ನೊಂದು ಬಸ್ಸು ಹಿಡಿದು ಉಡುಪಿಗೆ ಹೋಗಬೇಕು.