ಬೆಳಕಿನ ಉಪಾಸಕ

ಪ್ರಯೋಗಶಾಲೆ ಎಂದೊಡನೆ ಗಾಜಿನ ನಳಿಗೆಗಳು, ತಕ್ಕಡಿಗಳು, ಅಂಕೆಗಳಿಂದ ತುಂಬಿದ ಪುಸ್ತಕಗಳು ನಮ್ಮ ಕಣ್ಮುಂದೆ ನಿಲ್ಲುತ್ತವೆ. ಅಲ್ಲಿ ಸೌಂದರ್ಯಕ್ಕೆ ಎಡೆಯಿಲ್ಲವೆಂದು ಹಲವರ ಭಾವನೆ. ಆದರೆ ದಿನನಿತ್ಯದ ಪ್ರಯೋಗಗಳ ನಡುವೆಯೇ ಅಪೂರ್ವವಾದ ಚೆಲುವನ್ನು ಕಂಡು, ಆ ಚೆಲುವಿನ ಜಾಡು ಹಿಡಿದು ಸತ್ಯವನ್ನು ತಲಪಿದ ಮಹನೀಯರೊಬ್ಬರು ನಮ್ಮ ನಾಡಿನಲ್ಲಿಯೇ ಬಾಳಿದರು. ಅವರೇ ಸರ್ ಚಂದ್ರಶೇಖರ ವೆಂಕಟ ರಾಮನ್.

ರಾಮನ್ನರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ಬಾಲಕ ರಾಮನ್ ಒಮ್ಮೆ ಪಟ್ಟಕದ ಕೋನವನ್ನು ಅಳೆಯುತ್ತಿದ್ದರು. ಪ್ರತಿ ವಿದ್ಯಾರ್ಥಿಯೂ ಮಾಡುವ ಸಾಮಾನ್ಯ ಪ್ರಯೋಗವದು. ಪಟ್ಟಕದ ಮೇಲ್ಮೈಯಿಂದ ಓರೆಯಾಗಿ ಹೊಮ್ಮಿದ ಬೆಳಕಿನಲ್ಲಿ, ಎರಡು ಬದಿಗೂ ಸಮನಲ್ಲದ ಪಟ್ಟೆಗಳು ಅವರ ಕಣ್ಣಿಗೆ ಬಿದ್ದವು. ಅಳತೆಯನ್ನು ಬರೆದುಕೊಂಡು ಏಳಬಹುದಾಗಿದ್ದ ಆ ತರುಣ, ಪಟ್ಟೆಗಳ ಮರ್ಮವನ್ನು ಶೋಧಿಸಲು ಕುಳಿತ. ಅದರ ಫಲವಾಗಿ 1906ರಲ್ಲಿ ಅವರ ಮೊದಲ ಸಂಶೋಧನಾ ಲೇಖನ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಮರುವರ್ಷ ರಾಮನ್ನರು ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ. ಬೆಳಗಿನ ಜಾವ ಮತ್ತು ಸಂಜೆ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯದಲ್ಲಿ ಸಂಶೋಧನೆ. ಹತ್ತು ವರ್ಷ ಹೀಗೆ ದುಡಿದ ಮೇಲೆ, 1917ರಲ್ಲಿ ಅವರು ಹೆಚ್ಚು ಸಂಬಳದ ಅಧಿಕಾರವನ್ನು ತೊರೆದು, ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಒಪ್ಪಿಕೊಂಡರು.

1921ರಲ್ಲಿ ಕಡಲ ಪಯಣ ಮಾಡುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಸೆರೆಹಿಡಿಯಿತು. ಅದು ಆಕಾಶದ ಪ್ರತಿಬಿಂಬವೆಂಬುದು ಅಂದಿನ ನಂಬಿಕೆ. ರಾಮನ್ನರು ತಮ್ಮ ಬಳಿಯಿದ್ದ ಚಿಕ್ಕ ಪಟ್ಟಕದಿಂದ ಪ್ರತಿಬಿಂಬದ ಬೆಳಕನ್ನು ತಡೆದು ನೋಡಿದರು, ನೀಲಿ ಮಾಸಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರಿಗೆ ಮನದಟ್ಟಾಯಿತು.

ಅಲ್ಲಿಂದ ಮುಂದೆ ಏಳು ವರ್ಷ ಅವರೂ ಅವರ ಶಿಷ್ಯರೂ ದ್ರವಗಳಲ್ಲಿ ಬೆಳಕು ಚದುರುವ ಬಗೆಯನ್ನು ಪರೀಕ್ಷಿಸಿದರು. 1923ರಲ್ಲಿಯೇ ಒಂದು ವಿಚಿತ್ರ ಕಾಣಿಸಿಕೊಂಡಿತು. ಚದುರಿದ ಬೆಳಕಿನೊಂದಿಗೆ ಬೇರೊಂದು ಬಣ್ಣದ ಮಂದ ಹೊಳಪು ಬೆರೆತಿತ್ತು. ದ್ರವದಲ್ಲಿನ ಕಲ್ಮಷವೇ ಇದಕ್ಕೆ ಕಾರಣವಿರಬಹುದೆಂದು ಶಂಕಿಸಿ, ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರು. ಹೊಳಪು ಅಳಿಯಲಿಲ್ಲ. ಅದನ್ನು ದೋಷವೆಂದು ತಳ್ಳಿಹಾಕಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು. ರಾಮನ್ನರು ಬಿಡಲಿಲ್ಲ. ಕೆ. ಎಸ್. ಕೃಷ್ಣನ್ ಅವರೊಡನೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲಿಯೂ ಅದೇ ಹೊಳಪು! 1928ರ ಫೆಬ್ರವರಿ 28ರಂದು ಪಾದರಸ ದೀಪದ ಬೆಳಕನ್ನು ದ್ರವದ ಮೂಲಕ ಹಾಯಿಸಿ ರೋಹಿತದರ್ಶಕದಲ್ಲಿ ನೋಡಿದಾಗ, ದೀಪದ ಬೆಳಕಿನಲ್ಲಿಲ್ಲದ ಹೊಸ ಗೆರೆಗಳು ಮೂಡಿದ್ದವು. ಬಳಿಕ ಛಾಯಾಚಿತ್ರದ ಫಲಕದ ಮೇಲೂ ಅವು ಅಚ್ಚಾದವು. ಕಪ್ಪು ಬಿಳುಪಿನ ಆ ಸೂಕ್ಷ್ಮ ಗೆರೆಗಳು ಅಣುಗಳ ಸ್ಪಂದನದ ಗುರುತುಗಳಾಗಿದ್ದವು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದಲ್ಲಿ ರಾಮನ್ನರು ಈ ಹೊಸ ಬೆಳಕನ್ನು ವಿವರಿಸಿದರು. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು.

1933ರಲ್ಲಿ ರಾಮನ್ನರು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಕೊನೆಯವರೆಗೂ ಅದೇ ಅವರ ಊರಾಯಿತು. ನಂಜನಗೂಡಿನ ಕಡೆಯ ಹೊಲಗಳಲ್ಲಿ, ತಂತಿಯ ಮೇಲೆ ಕುಳಿತ ನೀಲಕಂಠ ಪಕ್ಷಿಯನ್ನು ನಾವೆಲ್ಲ ನೋಡಿರುತ್ತೇವೆ. ನಮ್ಮ ರಾಜ್ಯದ ಪಕ್ಷಿಯಾಗಿರುವ ಅದರ ಗರಿಯ ನೀಲಿಯನ್ನೂ ರಾಮನ್ನರು ಅಭ್ಯಸಿಸಿದರು. ಅದು ಬಳಿದ ಬಣ್ಣದಂತಹುದಲ್ಲ, ಗರಿಯ ಅತಿಸೂಕ್ಷ್ಮ ರಚನೆಯಿಂದ ಹುಟ್ಟುವ ಬಣ್ಣವೆಂದು 1934ರಲ್ಲಿ ಬರೆದರು. ಕಪ್ಪೆಚಿಪ್ಪಿನ ಮಿನುಗು, ವಜ್ರದ ಕಾಂತಿ, ಹೂವಿನ ಬಣ್ಣ ಯಾವುದೂ ಅವರಿಗೆ ಕ್ಷುಲ್ಲಕವಾಗಿರಲಿಲ್ಲ. ಅತಿನೇರಿಳೆ ಕಿರಣಗಳಲ್ಲಿ ಕೆಲವು ವಜ್ರಗಳು ನೀಲಿಯಾಗಿಯೂ ಕೆಲವು ಹಸಿರು ಹಳದಿಯಾಗಿಯೂ ಬೆಳಗುತ್ತಿದ್ದವು. ಅವುಗಳ ರೋಹಿತವನ್ನು ಸೆರೆಹಿಡಿಯಲು ಶಿಷ್ಯೆ ಅನ್ನಾ ಮಣಿ ಅವರು ಫಲಕವನ್ನು ಹದಿನೈದು, ಇಪ್ಪತ್ತು ಗಂಟೆಗಳ ಕಾಲ ಬೆಳಕಿಗೊಡ್ಡಿ, ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿದ್ದರು. ಚೆಲುವು ಸುಲಭವಾಗಿ ಒಲಿಯುವಂತಹುದಲ್ಲ.

1948ರಲ್ಲಿ ನಿವೃತ್ತರಾದ ರಾಮನ್ನರು, ಮೈಸೂರು ಸಂಸ್ಥಾನವು ನೀಡಿದ್ದ ನಿವೇಶನದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಬೆಳೆಸಿದರು. ಅಲ್ಲಿ ಹರಳು, ಖನಿಜ, ಚಿಪ್ಪು, ಚಿಟ್ಟೆಗಳ ಸಂಗ್ರಹಾಲಯವನ್ನು ಕೂಡಿಸಿದರು. ಹಗಲಿನಲ್ಲಿ ಸಾಧಾರಣವಾಗಿ ಕಾಣುವ ಕಲ್ಲುಗಳು ಕತ್ತಲೆಯ ಕೋಣೆಯಲ್ಲಿ ಅತಿನೇರಿಳೆ ಕಿರಣ ಸೋಕಿದೊಡನೆ ಕೆಂಡದಂತೆ ಬೆಳಗುವುದನ್ನು ಅವರು ಸಂದರ್ಶಕರಿಗೆ ಸಂತೋಷದಿಂದ ತೋರಿಸುತ್ತಿದ್ದರು. ಅವರ ಎಲ್ಲ ವಿವರಣೆಗಳನ್ನೂ ಮುಂದಿನ ವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಅವರ ನೋಟದ ತೀಕ್ಷ್ಣತೆಯನ್ನು ಅಲ್ಲಗಳೆದವರಿಲ್ಲ.

1954ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ರಾಮನ್ನರು 1970ರ ನವೆಂಬರ್ 21ರಂದು ನಿಧನರಾದರು. ಅವರು ಪ್ರೀತಿಯಿಂದ ಬೆಳೆಸಿದ ಸಂಸ್ಥೆಯ ತೋಟದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. ಸಮುದ್ರವನ್ನೂ ಗರಿಯನ್ನೂ ಎಲ್ಲರೂ ನೋಡುತ್ತಾರೆ. ಏಕೆ ಹೀಗೆ ಎಂದು ಕೇಳಿ, ಉತ್ತರ ದೊರೆಯುವವರೆಗೆ ಕಾಯುವವರು ವಿರಳ. ಶಾಲೆಯ ಪ್ರಯೋಗಶಾಲೆಯಲ್ಲಿ ಪಟ್ಟಕವನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ಆ ದಾರಿ ತೆರೆದೇ ಇದೆ.